ತೋಡಿನ ನೀರಿಗೆ ಜಗಳವೇ? ಬಾಳಿಕೆ ಬರುವ ಒಪ್ಪಂದ ಹೀಗೆ ಮಾಡಿಕೊಳ್ಳಿ

ಶಿವರಾತ್ರಿ ಹತ್ತಿರ ಬಂತೆಂದರೆ ಕೊಡಗಿನ ತೋಡುಗಳ, ಅಂದರೆ ಸಣ್ಣ ಹಳ್ಳಗಳ, ದಂಡೆಯಲ್ಲಿ ಪಂಪುಗಳದ್ದೇ ಸದ್ದು. ರೊಬಸ್ಟಾ ಕಾಫಿ ಹೂ ಬಿಡಲು ಫೆಬ್ರುವರಿ–ಮಾರ್ಚಿನಲ್ಲಿ ನೀರು ಬೇಕು. ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹೊಡೆಯಬೇಕು. ತೋಡು ಸೊರಗುವುದೂ ಆಗಲೇ. ಮೇಲಿನ ತೋಟದವರು ರಾತ್ರಿಯಿಡೀ ನೀರೆಳೆದರೆ ಬೆಳಿಗ್ಗೆ ಕೆಳಗಿನವರ ಪಂಪಿನ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿ) ಕೆಸರಿನಲ್ಲಿ ಕೂತಿರುತ್ತದೆ.

ವಿರಾಜಪೇಟೆ ಕಡೆಯ ನಮ್ಮ ತೋಡಿಗೆ ಒಂಬತ್ತು ಪಂಪು. ನಾವು ಎರಡು ಸಲ ರಾಜಿಯಾದೆವು. ಮೊದಲನೆಯದು ಎರಡು ವಾರವೂ ಬಾಳಲಿಲ್ಲ. ಎರಡನೆಯದು ಇನ್ನೂ ನಡೆಯುತ್ತಿದೆ. ಮಾಡಿಕೊಂಡವರು ಅದೇ ಜನ, ಮನಸ್ಸೇನೂ ದೊಡ್ಡದಾಗಿರಲಿಲ್ಲ. ಮಾಡಿದ ರೀತಿ ಬೇರೆಯಿತ್ತು ಅಷ್ಟೇ.

ಕೂಟಕ್ಕೆ ಮುಂಚೆ ಮನೆ ಮನೆಗೆ

ಎಲ್ಲರನ್ನೂ ಏಕಾಏಕಿ ಒಂದೆಡೆ ಸೇರಿಸಬೇಡಿ. ಹತ್ತು ಜನರ ಎದುರು ಯಾರೂ ಸೋಲಲು ತಯಾರಿರುವುದಿಲ್ಲ. ಆ ತೋಡಿನ ನೀರು ಬೇಡದ ಒಬ್ಬರನ್ನು ಹುಡುಕಿ. ಊರಿನ ಹಿರಿಯರಾದ ತಕ್ಕರಾಗಬಹುದು, ನಿವೃತ್ತ ಮೇಷ್ಟ್ರಾಗಬಹುದು. ಅವರು ಒಬ್ಬೊಬ್ಬರ ಮನೆಗೂ ಹೋಗಿ ಕಾಫಿ ಕುಡಿದು ಬರಲಿ. ‘ತಪ್ಪು ಯಾರದು’ ಎಂದು ಕೇಳುವುದು ಬೇಡ. ‘ಆ ದಿನ ನೀರು ಸಿಗದಿದ್ದರೆ ನಿಮಗೆ ಏನಾಗುತ್ತದೆ?’ ಎಂದು ಕೇಳಲಿ.

ನಮ್ಮಲ್ಲಿ ಹೀಗೆ ಕೇಳಿದಾಗಲೇ ಒಂದು ಗುಟ್ಟು ಹೊರಬಿತ್ತು. ಮೇಲಿನ ತೋಟದವರು ರಾತ್ರಿ ಪಂಪು ಓಡಿಸುತ್ತಿದ್ದುದು ದುರಾಸೆಯಿಂದಲ್ಲ. ಅವರ ಸ್ಪ್ರಿಂಕ್ಲರ್ ಪೈಪು ಬಾಡಿಗೆಯದು, ಮೂರು ದಿನದಲ್ಲಿ ವಾಪಸ್ ಕೊಡಬೇಕಿತ್ತು. ಐದು ವರ್ಷ ಜಗಳವಾಡಿದ ನಮಗೆ ಅದು ಗೊತ್ತೇ ಇರಲಿಲ್ಲ. ಈಗ ನಾಲ್ಕು ತೋಟದವರು ಸೇರಿ ಒಂದು ಸೆಟ್ ಪೈಪನ್ನು ಇಡೀ ತಿಂಗಳಿಗೆ ಬಾಡಿಗೆಗೆ ತರುತ್ತಾರೆ.

ಯಾರು ಬರಬೇಕು, ಎಲ್ಲಿ ಕೂರಬೇಕು

ಮೊದಲ ಸಲ ಒಂದು ತೋಟದಿಂದ ಲೆಕ್ಕ ಬರೆಯುವ ರೈಟರು ಬಂದಿದ್ದರು. ಎಲ್ಲದಕ್ಕೂ ತಲೆಯಾಡಿಸಿದರು, ಪಾಪ. ಬೆಂಗಳೂರಿನಲ್ಲಿದ್ದ ಮಾಲೀಕರು ‘ನಾನೆಲ್ಲಿ ಒಪ್ಪಿದ್ದೆ?’ ಎಂದರು. ಅಲ್ಲಿಗೆ ಮುಗಿಯಿತು. ಹಾಗಾಗಿ ಒಪ್ಪುವ ಅಧಿಕಾರ ಇರುವವರೇ ಬರಲಿ, ಫೋನಿನಲ್ಲಾದರೂ ಸರಿ. ಪಂಪಿಲ್ಲದಿದ್ದರೂ ಅದೇ ನೀರು ಬಳಸುವ ಲೈನ್ ಮನೆಯವರನ್ನು (ತೋಟದ ಕಾರ್ಮಿಕರನ್ನು) ಕರೆಯಲು ನಾವು ಮರೆತೇಬಿಟ್ಟಿದ್ದೆವು. ತೋಡು ಯಾವ ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂದು ಸರಿಯಾಗಿ ಹೇಳಿದವರು ಅಲ್ಲಿನ ಹೆಂಗಸರೇ.

ಜಾಗ ಯಾರ ಮನೆಯೂ ಆಗಿರಬಾರದು. ನಾವು ಶಾಲೆಯ ಜಗಲಿಯಲ್ಲಿ ಕೂತೆವು. ಬಾಟಲಿ ಬೇಡ, ಅದೆಲ್ಲ ಒಪ್ಪಂದ ಆದ ಮೇಲೆ!

ಮಾತಿಗಿಂತ ಮುಂಚೆ ಲೆಕ್ಕ

ಇದೇ ಮುಖ್ಯ ಕೆಲಸ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು 1,02,800 ಲೀಟರ್ ಬೇಕು. ಗಂಟೆಗೆ 30,000 ಲೀಟರ್ ಎತ್ತುವ ಪಂಪಾದರೆ ಎಕರೆಗೆ ಮೂರೂವರೆ ಗಂಟೆ. ಹತ್ತು ಎಕರೆಗೆ ಹೆಚ್ಚುಕಡಿಮೆ 34 ಗಂಟೆ.

ಈಗ ತೋಡನ್ನು ಅಳೆಯಿರಿ. ಮರಳು ಚೀಲ ಅಡ್ಡ ಇಟ್ಟು, ನೀರನ್ನೆಲ್ಲ ದಪ್ಪ ಪೈಪಿನಲ್ಲಿ ಹರಿಸಿ, 200 ಲೀಟರಿನ ಡ್ರಮ್ ಹಿಡಿಯಿರಿ. ನಮ್ಮದು 20 ಸೆಕೆಂಡಿಗೆ ತುಂಬಿತು. ಅಂದರೆ ಗಂಟೆಗೆ 36,000 ಲೀಟರ್. ಒಂದು ಪಂಪು ಓಡಿದರೆ ಕೆಳಕ್ಕೆ ಹರಿಯಲು ಉಳಿಯುವುದು 6,000 ಮಾತ್ರ. ಡ್ರಮ್ಮಿನ ಸುತ್ತ ನಿಂತಿದ್ದವರೆಲ್ಲ ಸುಮ್ಮನಾದರು. ‘ನಾನು ಸ್ವಲ್ಪ ತಾನೇ ಎಳೆಯೋದು’ ಎನ್ನುವ ಮಾತು ಆಮೇಲೆ ಬರಲಿಲ್ಲ. ಒಂದು ಹೊತ್ತಿಗೆ ಒಂದೇ ಪಂಪು ಎಂದು ಯಾರೂ ಹೇಳಬೇಕಾಗಲೂ ಇಲ್ಲ.

ಬರೆಯುವಾಗ

‘ಎಲ್ಲರೂ ಅಗತ್ಯಕ್ಕೆ ತಕ್ಕಷ್ಟು ಬಳಸತಕ್ಕದ್ದು’ ಎಂದು ಮೊದಲ ಒಪ್ಪಂದದಲ್ಲಿತ್ತು. ಕೇಳಲು ಚೆನ್ನ, ಕೆಲಸಕ್ಕೆ ಬಾರದು. ಯಾರ ಪಂಪು, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದು ಬರೆಯಿರಿ. ಕೆಡುವ ಸಂದರ್ಭಗಳನ್ನೂ ಬರೆಯಿರಿ. ಸರದಿಯ ದಿನ ಪಂಪು ಕೆಟ್ಟರೆ? ನಡುವೆ ಮಳೆ ಬಂದರೆ? ಡ್ರಮ್ ತುಂಬಲು 40 ಸೆಕೆಂಡು ದಾಟಿದರೆ ನಮ್ಮಲ್ಲಿ ಎಲ್ಲ ಪಂಪೂ ಬಂದ್, ಕುಡಿಯುವ ನೀರೇ ಮೊದಲು. ಎರಡು-ಮೂರು ವಾರ ಬಿಟ್ಟು ಬ್ಯಾಕಿಂಗ್, ಅಂದರೆ ಹೂವಾದ ಮೇಲಿನ ಎರಡನೇ ನೀರು, ಕೊಡುವಾಗ ಸರದಿ ತಿರುಗುಮುರುಗು, ಕೊನೆಯವರು ಮೊದಲು.

ತಪ್ಪಿದವರಿಗೆ ದಂಡ ಹಾಕಬೇಡಿ. ಕೈಯಲ್ಲಿ ದುಡ್ಡಿರುವವರು ದಂಡ ಕಟ್ಟಿ ನೀರೆಳೆಯುತ್ತಾರೆ. ಮುಂದಿನ ಸರದಿ ಹೋಗುವುದೇ ಸರಿಯಾದ ಶಿಕ್ಷೆ. ಊರ ಹಬ್ಬಕ್ಕೆ ಕಟ್ಟು (ಇಡೀ ಊರಿಗೆ ಹಾಕುವ ನಿರ್ಬಂಧ) ಬಿದ್ದರೆ ನಾವು ಪಾಲಿಸುವುದಿಲ್ಲವೇ? ಅದು ಎಲ್ಲರಿಗೂ ಒಂದೇ, ಯಾವತ್ತು ಶುರು, ಯಾವತ್ತು ಮುಗಿಯುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಒಪ್ಪಂದಕ್ಕೂ ಹಾಗೇ ತಾರೀಕು ಹಾಕಿ. ಪ್ರತಿ ಜನವರಿಯಲ್ಲಿ ಮತ್ತೆ ಕೂತು, ಡ್ರಮ್ ಹಿಡಿದು, ತಿದ್ದಿ.

ಕಾಯ್ದೆಯ ಮಾತು ಸ್ವಲ್ಪ

ತೋಡು ಯಾರ ಸ್ವಂತದ್ದೂ ಅಲ್ಲ. ನೀವು ಹಂಚಿಕೊಳ್ಳುವುದು ಸರದಿಯನ್ನು ಮಾತ್ರ. ಇನ್ನೊಬ್ಬರ ತೋಟದಲ್ಲಿ ಪೈಪಿಗೋ ದಾರಿಗೋ ಕಾಯಂ ಹಕ್ಕು ಬೇಕಿದ್ದರೆ ಬರೀ ಛಾಪಾ ಕಾಗದ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಜಗಳ ಈಗಾಗಲೇ ಕೋರ್ಟಿನಲ್ಲಿದ್ದರೆ ಲೋಕ ಅದಾಲತ್ತಿಗೆ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಲ್ಲಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್. ಕೇಸು ಹಾಕುವ ಮುಂಚೆಯೂ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು.

ಹೋದ ಮಾರ್ಚಿನಲ್ಲಿ ನನ್ನ ಸರದಿಯ ಬೆಳಿಗ್ಗೆ ಮೇಲಿಂದ ಪಂಪಿನ ಸದ್ದು ಕೇಳಿಸಿತು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಫೋನು ಬಂತು. ‘ಮಾವ, ಇವತ್ತು ನಿಮ್ದಲ್ವಾ? ಹುಡುಗ ಗೊತ್ತಿಲ್ದೆ ಶುರು ಮಾಡಿದ್ದಾನೆ, ನಿಲ್ಲಿಸಿದೆ.’ ಸರಿ ಬಿಡಪ್ಪ ಎಂದೆ. ಅವನ ಮುಂದಿನ ಸರದಿ ಮಾತ್ರ ಹೋಯಿತು. ಸರದಿ ಬರೆದ ಚೀಟಿಯಲ್ಲಿ ಅವನೇ ಗೆರೆ ಎಳೆದ.