ಮೂಡ್ ಬರೆಯುವುದು ಬಿಟ್ಟೆ, ನಿದ್ದೆ ಬರೆದೆ

ಬೈಪೋಲಾರ್ ಅಂದರೆ ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಪೂರ್ತಿ ಇಳಿಯುವ ಕಾಯಿಲೆ. ಅದಿದ್ದರೆ ದಿನಾ ಮನಸ್ಸಿಗೆ ಅಂಕ ಹಾಕುವ ಮೂಡ್ ಚಾರ್ಟ್ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಕೈಕೊಟ್ಟಿತು. ಮೇನಿಯಾ, ಅಂದರೆ ಆ ವಿಪರೀತ ಹುರುಪು, ಏರುವಾಗ ಕಾಯಿಲೆ ಅಂತಲೇ ಅನಿಸಲ್ಲ, ದಿನಾ ಹತ್ತಕ್ಕೆ ಹತ್ತು ಹಾಕುತ್ತಿದ್ದೆ. ಇಳಿದಾಗ ಪೆನ್ನು ಮುಟ್ಟುವ ಮನಸ್ಸೇ ಇರಲ್ಲ. ಫೋನಿನ ಆ್ಯಪ್ ಕತೆಯೂ ಅಷ್ಟೇ.

ನಾನು ಹನುಮಂತನಗರದಲ್ಲಿ ಬ್ಲೌಸ್ ಹೊಲಿಯುವವಳು. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ನಮಗೆ ನಿದ್ದೆ ಇಲ್ಲ, ಅನಾಹುತ ಅಲ್ಲೇ ಶುರು. ಒಂದು ವರ್ಷ ರಾತ್ರಿಯೆಲ್ಲ ಹೊಲಿದರೂ ಬೆಳಗ್ಗೆ ಸುಸ್ತೇ ಇರಲಿಲ್ಲ. ಬುಟಿಕ್ ತೆಗೆಯುತ್ತೇನೆ ಅಂತ ಚಿಕ್ಕಪೇಟೆಯಿಂದ ಸುಮಾರು 60 ಸಾವಿರದ ಬಟ್ಟೆ ತಂದೆ. ಸಾಲ ಮಾಡಿ ಓವರ್‌ಲಾಕ್ ಮೆಷಿನ್ ಬೇರೆ. ಆಮೇಲೆ ಎರಡು-ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಗಿರಾಕಿಗಳಿಗೆ ಅಡ್ವಾನ್ಸ್ ವಾಪಸ್ ಕೊಟ್ಟು ಬೈಗುಳ ತಿಂದವರು ನಮ್ಮನೆಯವರು. ಅದಕ್ಕೂ ಮುಂಚೆ ಒಬ್ಬ ಡಾಕ್ಟರು ಡಿಪ್ರೆಶನ್ ಅಂತ ಅದರ ಮಾತ್ರೆ ಮಾತ್ರ ಕೊಟ್ಟಿದ್ದರು. ಬೈಪೋಲಾರ್‌ನಲ್ಲಿ ಅದೊಂದೇ ಕೊಟ್ಟರೆ ಕೆಲವರಿಗೆ ಮೇನಿಯಾ ಏರುತ್ತದೆ, ನನಗೂ ಏರಿತ್ತು. ನಿಮ್ಹಾನ್ಸ್‌ನಲ್ಲಿ ಮೂಡ್ ಹದದಲ್ಲಿಡುವ ಲಿಥಿಯಂ ಮಾತ್ರೆ ಶುರುವಾದ ಮೇಲೆ ಸ್ವಲ್ಪ ಹದಕ್ಕೆ ಬಂದೆ.

ಮಾತ್ರೆ ಬಿಡದೆ, ಅದರ ಜೊತೆಗೆ ನಾನು ಮಾಡಿಕೊಂಡ ದಾರಿ ಇದು. ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕದ ಕೆಳಗೆ ಮಲಗಿದ ಹೊತ್ತು, ಎದ್ದ ಹೊತ್ತು, ಇಷ್ಟೇ. ಎರಡು ರಾತ್ರಿ ಐದು ಗಂಟೆಗಿಂತ ಕಮ್ಮಿ ನಿದ್ದೆಯಾಗಿ, ಆದರೂ ಸುಸ್ತಿಲ್ಲ ಅಂದರೆ ಕೆಂಪು ಸುತ್ತು. ಸುತ್ತು ಹಾಕುವವರು ನಮ್ಮನೆಯವರು, ನಾನಲ್ಲ. ಬಿದ್ದರೆ ಹೊಸ ಆರ್ಡರ್ ಇಲ್ಲ, ಅವತ್ತೇ ಡಾಕ್ಟರಿಗೆ ಫೋನು. ಡಾಕ್ಟರು ಸಿಗದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಪಕ್ಕದಲ್ಲೇ ಬರೆದಿಟ್ಟಿದ್ದೇವೆ.

"ಗೋಡೆ ಮೇಲೆ ಗೀಚಿದರೆ ಕಾಯಿಲೆ ನಿಲ್ಲುತ್ತೇನೇ?" ಅಂತ ಮೊದಲು ಕೇಳಿದವರೂ ನಮ್ಮನೆಯವರೇ. ನಾದಿನಿಯಂತೂ ನಕ್ಕಿದ್ದಳು. ಈಗ ಅವಳೇ ಗಂಡನ ಶುಗರ್ ರೀಡಿಂಗ್ ಹಾಗೆ ಬರೆಯುತ್ತಾಳೆ!

ದುಡ್ಡಿಗೂ ಬೇಲಿ ಹಾಕಿದೆ. ಫೋನಿನಿಂದ ಕಟ್ಟುವ ಖಾತೆಯಲ್ಲಿ ಎರಡು-ಮೂರು ಸಾವಿರಕ್ಕಿಂತ ಜಾಸ್ತಿ ಇಡಲ್ಲ. ಉಳಿದದ್ದನ್ನು ತೆಗೆಯಲು ಇಬ್ಬರ ಸಹಿಯೂ ಬೇಕು. ಏರುವ ಸುಳಿವು ಕಂಡಾಗ ಗಿರಾಕಿಗಳ ಎದುರೇ ನನ್ನನ್ನು ಮೆಷಿನ್ನಿನಿಂದ ಎಬ್ಬಿಸಲು ನಮ್ಮನೆಯವರ ಹತ್ತಿರ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಯಲಾದರೆ ನಡೆಯಲ್ಲ.

ಲಿಥಿಯಂ ತೆಗೆದುಕೊಳ್ಳುವ ಹೆಂಗಸರಿಗೆ ಒಂದು ಮಾತು. ಹಬ್ಬದ ದಿನ ನೀರೂ ಕುಡಿಯದೆ ಉಪವಾಸ ಇದ್ದೆ, ತಲೆನೋವಿಗೆ ಐಬುಪ್ರೊಫೆನ್ ನುಂಗಿದೆ. ಸಂಜೆ ಸೂಜಿಗೆ ದಾರ ಪೋಣಿಸಲು ಕೂತರೆ ದಾರ ಸೂಜಿಕಣ್ಣಿನ ಆಚೆ ಈಚೆ ಹೋಗುತ್ತಿದೆ, ಒಳಗೆ ಹೋಗುತ್ತಿಲ್ಲ. ಕೈ ಅಷ್ಟು ನಡುಕ. ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದರೂ ಆ ನೋವಿನ ಮಾತ್ರೆ ನುಂಗಿದರೂ ರಕ್ತದಲ್ಲಿ ಲಿಥಿಯಂ ಏರುತ್ತದೆ. ಟೆಸ್ಟ್ ಮಾಡಿಸಿದರೆ 1.3ರ ಹತ್ತಿರ. ನನಗೆ ಇರಬೇಕು ಅಂತ ಡಾಕ್ಟರು ಹೇಳಿದ್ದು 0.6ರಿಂದ 1.0. ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ಟೆಸ್ಟಿಗೆ ರಕ್ತ ಕೊಡಬೇಕು ಅನ್ನುವುದು ನಿಮಗೆ ಗೊತ್ತೇ ಇದೆ ಅಲ್ವಾ? ಈಗ ದೇವರಿಗೆ ಕೈ ಮುಗಿದು ನೀರು, ಮಜ್ಜಿಗೆ ಕುಡಿದೇ ಪೂಜೆಗೆ ಕೂರುತ್ತೇನೆ.

ಸುಮ್ನೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ರಾತ್ರಿ ಬೆಳಕು ತಡೆಯಲು ಹಳದಿ ಗಾಜಿನ ಕನ್ನಡಕ ತಂದೆ, ಏಳುನೂರೋ ಎಂಟುನೂರೋ. ನಿದ್ದೆಗೇನೋ ಒಳ್ಳೆಯದಾಯಿತು, ಆದರೆ ಹಾಕಿಕೊಂಡರೆ ಕ್ರೀಮ್ ದಾರ ಯಾವುದು, ಬಿಳಿ ದಾರ ಯಾವುದು ಗೊತ್ತಾಗಲ್ಲ. ಹಾಗಾಗಿ ಒಂಬತ್ತಕ್ಕೇ ಮೆಷಿನ್ ಮುಚ್ಚಿ ಆಮೇಲೆ ಹಾಕಿಕೊಳ್ಳುತ್ತೇನೆ. ನಾಲ್ಕರ ಮೇಲೆ ಕಾಫಿ ಬಿಟ್ಟಿದ್ದು ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಇಳಿದ ದಿನಗಳಿಗೆ ಬೇರೆ ನಿಯಮ. ಆರಕ್ಕೆ ಏಳಲೇಬೇಕು, ಹಾಲು ತರಬೇಕು. ಕಟಿಂಗ್ ಮುಟ್ಟಲ್ಲ, ಬಟ್ಟೆ ಹಾಳಾಗುತ್ತದೆ. ಒಂದು ಬ್ಲೌಸಿಗೆ ಹುಕ್ಸ್ ಹಾಕಿದರೆ ಅವತ್ತಿನ ಕೆಲಸ ಮುಗಿಯಿತು.

ಕಳೆದ ವರಮಹಾಲಕ್ಷ್ಮಿಗೆ ಮೊದಲಿನ ಅರ್ಧದಷ್ಟೇ ಆರ್ಡರ್ ಹಿಡಿದೆ, ನಲವತ್ತರ ಆಸುಪಾಸು. ಫಿಟಿಂಗ್‌ನಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ, ಅದಕ್ಕೆ ಬ್ಲೌಸಿಗೆ ನೂರು ರೂಪಾಯಿ ಏರಿಸಿದರೂ ಯಾರೂ ಬಿಟ್ಟು ಹೋಗಲಿಲ್ಲ. ಕೈಗೆ ಬಂದದ್ದು ಮುಂಚಿಗಿಂತ ಐದಾರು ಸಾವಿರ ಕಮ್ಮಿ. ಓವರ್‌ಲಾಕ್ ಮೆಷಿನ್ನಿನ ಕೊನೆಯ ಕಂತನ್ನು ಅದರಲ್ಲೇ ಕಟ್ಟಿದೆ.