ಬಳ್ಳಾರಿಯಲ್ಲಿ ಬರೆಸಿದ ಪವರ್ ಹೊರದೇಶದಲ್ಲಿ ನಡೆಯಬೇಕಾದರೆ

ಬಳ್ಳಾರಿ ಕೋರ್ಟ್ ಹತ್ತಿರ ನಾನು ಬಾಂಡ್ ಟೈಪ್ ಮಾಡುತ್ತೇನೆ. ಕಂಪ್ಲಿ, ಸಿರುಗುಪ್ಪ, ಕೌಲ್ ಬಜಾರ್ ಕಡೆಯಿಂದ ಗಲ್ಫ್‌ಗೆ ದುಡಿಯಲು ಹೋದವರ ಮನೆಯವರು ಬರುತ್ತಾರೆ. ಒಬ್ಬರಿಗೆ ಅಲ್ಲಿ ಬಿಟ್ಟು ಬಂದ ಕಾರು ಮಾರಬೇಕು. ಇನ್ನೊಬ್ಬರಿಗೆ ಕಂಪನಿಯಿಂದ ಬಾಕಿ ಸಂಬಳ ಬರಬೇಕು. ಮಗ ಅಲ್ಲೇ ತೀರಿಕೊಂಡು, ಅವನ ಹಣಕ್ಕಾಗಿ ಅಲೆಯುವ ತಂದೆ ತಾಯಿಯೂ ಇದ್ದಾರೆ. ಎಲ್ಲರೂ ಕೇಳುವುದು ಒಂದೇ, ತಮ್ಮ ಪರವಾಗಿ ಅಲ್ಲಿ ಕೆಲಸ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ: "ಅಣ್ಣಾ, ಒಂದು ಪವರ್ ಬರೆದುಕೊಡಿ, ನೋಟರಿ ಮಾಡಿಸಿದರೆ ಆಯ್ತಲ್ವಾ?"

ಅಷ್ಟಕ್ಕೇ ಆಗುವುದಿಲ್ಲ. ಬಳ್ಳಾರಿ ನೋಟರಿಯ ಸಹಿ ಯಾರದು ಅಂತ ರಿಯಾದ್‌ನ ಆಫೀಸಿನವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ನೋಟರಿ ಸಹಿಯನ್ನು ರಾಜ್ಯದ ಗೃಹ ಇಲಾಖೆ ದೃಢೀಕರಿಸಬೇಕು. ಆ ಅಧಿಕಾರಿಯ ಸಹಿಯನ್ನು ಕೇಂದ್ರದ ವಿದೇಶಾಂಗ ಸಚಿವಾಲಯ ದೃಢೀಕರಿಸುತ್ತದೆ. ಆದರೆ ಸಚಿವಾಲಯ ಒಳಗಿನ ಒಕ್ಕಣೆಯ ಹೊಣೆ ಹೊರುವುದಿಲ್ಲ. ಒಕ್ಕಣೆ ತಪ್ಪಿದ್ದರೂ ಮೊಹರು ಬೀಳುತ್ತದೆ, ತಪ್ಪು ಹೊರಬೀಳುವುದು ಅಲ್ಲಿನ ಕೌಂಟರಿನಲ್ಲಿ. ಆದ್ದರಿಂದ ಮೊದಲು ಅಲ್ಲಿಗೇ ಫೋನ್ ಮಾಡಿಸಿ. ಬ್ಯಾಂಕಾಗಲಿ, ಕಂಪನಿಯಾಗಲಿ, ಯಾವ ಮಾತು ಇರಬೇಕು, ಯಾವ ಭಾಷೆ ಬೇಕು, ತಮ್ಮದೇ ನಮೂನೆ ಇದೆಯಾ ಅಂತ ಕೇಳಿಸಿ. ಸಾವಿನ ವಿಷಯವಾದರೆ ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯನ್ನೇ ವಿಚಾರಿಸಿ. ವಾರಸುದಾರರ ಪ್ರಮಾಣಪತ್ರವೂ ಬೇಕಾಗುತ್ತದೆಯಾ, ಯಾರ್‍ಯಾರು ಸಹಿ ಹಾಕಬೇಕು ಅಂತ ಆಗಲೇ ತಿಳಿದುಕೊಳ್ಳಿ.

ಆಮೇಲೆ ಹೆಸರು. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಯರ್ರಿಸ್ವಾಮಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಂದು ಕಡೆ ವೈ ಇಟ್ಟು ಬರೆದಿರುತ್ತಾರೆ, ಇನ್ನೊಂದು ಕಡೆ ಇ ಇಂದ ಶುರುಮಾಡಿರುತ್ತಾರೆ. ಹೊನ್ನೂರ್ ವಲಿ ಪಾಸ್‌ಪೋರ್ಟಿನಲ್ಲಿ ಎರಡು ಪದ, ಆಧಾರ್‌ನಲ್ಲಿ ಒಂದೇ ಪದ. ಪವರ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಸಿ, ಪಾಸ್‌ಪೋರ್ಟ್ ನಂಬರೂ ಹಾಕಿಸಿ. ಪವರ್ ಪಡೆಯುವವರ ಅಲ್ಲಿನ ಗುರುತಿನ ಚೀಟಿ ನಂಬರೂ ಇರಲಿ. ಇ-ಸ್ಟಾಂಪ್ ತೆಗೆಸುವಾಗಲೂ ಹೆಸರು ಕಾಗದದ ಮೇಲೆ ಅಚ್ಚಾಗುತ್ತದೆ, ಬಾಯಲ್ಲಿ ಹೇಳಬೇಡಿ, ಪಾಸ್‌ಪೋರ್ಟ್ ಜೆರಾಕ್ಸ್ ಮುಂದಿಡಿ.

ಕಾರು ಮಾರುವುದಕ್ಕೆ ಜಿಪಿಎ, ಅಂದರೆ ಎಲ್ಲ ಕೆಲಸಕ್ಕೂ ಅಧಿಕಾರ ಕೊಡುವ ಜನರಲ್ ಪವರ್ ಬೇಡ. "ನನ್ನ ಎಲ್ಲ ವ್ಯವಹಾರ ನೋಡಿಕೊಳ್ಳಲು" ಅಂತ ಬರೆದರೆ ನಿಮ್ಮ ಬ್ಯಾಂಕ್ ಖಾತೆಗೂ ಅವರು ಕೈ ಹಾಕಬಹುದು. ಆ ಕೆಲಸಕ್ಕೆ ಮಾತ್ರ ಸ್ಪೆಷಲ್ ಪವರ್ ಕೊಡಿ. ಗಾಡಿ ನಂಬರ್, ಹಣ ಯಾವ ಖಾತೆಗೆ ಬರಬೇಕು, ಪವರ್ ಯಾವ ತಾರೀಖಿನವರೆಗೆ, ಇವು ಮೂರೂ ಇರಬೇಕು. ಅತಿ ನಂಬಿಕೆಯ ಸ್ನೇಹಿತನಾದರೂ ಹೀಗೇ ಬರೆಸಿ ಅಂತ ನಾನು ಒತ್ತಾಯ ಮಾಡುತ್ತೇನೆ.

ಸಹಿಯನ್ನು ಮನೆಯಲ್ಲಿ ಹಾಕಿಕೊಂಡು ಬರಬೇಡಿ, ನೋಟರಿ ಎದುರೇ ಹಾಕಿ. ಪ್ರತಿ ಹಾಳೆಗೂ ಸಹಿ, ನೋಟರಿ ಮೊಹರು ಬೇಕು, ನೋಟರಿ ರಿಜಿಸ್ಟರಿನಲ್ಲಿ ನಮೂದಾಗಬೇಕು. ಹೆಬ್ಬೆಟ್ಟು ಒತ್ತುವ ಅವ್ವ ಬಂದರೆ ನಾನು ಇಂಗ್ಲಿಷ್ ಒಕ್ಕಣೆಯನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತೇನೆ. ಓದಿ ತಿಳಿಸಲಾಗಿದೆ ಅನ್ನುವ ಷರಾ ಕೊನೆಗೆ ಬರಲೇಬೇಕು. ಹಾಳೆಯ ಒಂದೇ ಬದಿಗೆ ಪ್ರಿಂಟ್ ತೆಗೆಯಿರಿ, ಹಿಂಬದಿ ಖಾಲಿ ಇರಲಿ. ಮುಂದಿನ ಮೊಹರು, ಸ್ಟಿಕ್ಕರ್‌ಗಳಿಗೆ ಜಾಗ ಬೇಕಲ್ವಾ.

ಇಲ್ಲಿಂದ ಕೆಲಸ ಬೆಂಗಳೂರಿನದು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮೊದಲು ಗೃಹ ಇಲಾಖೆ. ಆಮೇಲೆ ವಿದೇಶಾಂಗ ಸಚಿವಾಲಯ. ಸಚಿವಾಲಯ ನೇರವಾಗಿ ನಮ್ಮಿಂದ ಕಾಗದ ತೆಗೆದುಕೊಳ್ಳುವುದಿಲ್ಲ, ಅದು ನೇಮಿಸಿದ ಏಜೆನ್ಸಿಗಳ ಮೂಲಕ ಕೊಡಬೇಕು. ಅವುಗಳ ಪಟ್ಟಿ ಸಚಿವಾಲಯದ ವೆಬ್‌ಸೈಟಿನಲ್ಲಿದೆ. ಅಪೋಸ್ಟಿಲ್ ಅಂದರೆ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಹೋಗುವ ಕಾಗದಕ್ಕೆ ಸಚಿವಾಲಯ ಅಂಟಿಸುವ ದೃಢೀಕರಣದ ಸ್ಟಿಕ್ಕರ್. ಅದಕ್ಕೆ ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ. ಸಾವಿರಗಟ್ಟಲೆ ಕೇಳುವ ದಲ್ಲಾಳಿ ಸಿಕ್ಕರೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ.

ಯಾವ ದೇಶ ಅನ್ನುವುದರ ಮೇಲೆ ಕೊನೆಯ ಹಂತ ಬೇರೆಯಾಗುತ್ತದೆ. ಒಂದು ದೇಶದ ಅಪೋಸ್ಟಿಲನ್ನು ಇನ್ನೊಂದು ದೇಶ ಒಪ್ಪಬೇಕು ಅನ್ನುವ 1961ರ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಒಮಾನ್, ಬಹ್ರೇನ್, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಅದರಲ್ಲಿವೆ. ಸೌದಿಯಲ್ಲಿ 2022ರ ಡಿಸೆಂಬರ್‌ನಿಂದ, ಕೆನಡಾದಲ್ಲಿ 2024ರ ಜನವರಿಯಿಂದ ಅದು ಜಾರಿಯಲ್ಲಿದೆ. ಇವಕ್ಕೆ ಅಪೋಸ್ಟಿಲ್ ಸ್ಟಿಕ್ಕರ್ ಇದ್ದರೆ ಮತ್ತೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಡ. ದುಬೈ ಇರುವ ಯುಎಇಗೆ, ಕುವೈತ್‌ಗೆ ಹಾಗಲ್ಲ. ನಮ್ಮ ಸಚಿವಾಲಯದ ಮೊಹರಾದ ಮೇಲೆ ಭಾರತದಲ್ಲಿರುವ ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಬೇಕು, ಅಲ್ಲಿಗೆ ಹೋದ ಮೇಲೆ ಆ ದೇಶದ ವಿದೇಶಾಂಗ ಸಚಿವಾಲಯದ್ದೂ ಬೇಕು. ಅರಬ್ಬಿ ಅನುವಾದ ಕೇಳಿದರೆ ಅಲ್ಲಿನ ಪರವಾನಗಿ ಪಡೆದ ಅನುವಾದಕರಿಂದಲೇ ಮಾಡಿಸುವುದು ಒಳ್ಳೆಯದು.

ಕಾಗದ ಕೈಗೆ ಬಂದ ಮೇಲೆ ಸ್ಕ್ಯಾನ್ ಮಾಡಲಿಕ್ಕೆ ಅಂತ ಪಿನ್ ಕೀಳಬೇಡಿ. ಹಾಳೆ ಬದಲಿಸಿದ್ದಾರೆ ಅನ್ನುವ ಅನುಮಾನ ಬರುತ್ತದೆ. ಲ್ಯಾಮಿನೇಷನ್ನೂ ಬೇಡ. ಸ್ಟಿಕ್ಕರಿನ ನಂಬರನ್ನು ಸಚಿವಾಲಯದ ವೆಬ್‌ಸೈಟಿನಲ್ಲಿ ಹಾಕಿ, ನಿಜವಾಗಿ ದಾಖಲಾಗಿದೆಯಾ ನೋಡಿ. ಅದು ಕಂಡ ಮೇಲೆ ಮೂಲಪ್ರತಿಯನ್ನು ಕೊರಿಯರ್‌ಗೆ ಕೊಡಿ.