ಬೋಟಿನ ರೇಡಾರ್ ವಿಕಿರಣ: ಬೈತಖೋಲದಲ್ಲಿ ನಾನು ಅಳೆಯುವ ಬಗೆ

ವಿಮಾನ ನಿಲ್ದಾಣದ ರೇಡಾರ್ ಗೋಪುರದ ಮೇಲಿರುತ್ತದೆ, ಕಿರಣ ಆಕಾಶದ ಕಡೆಗೆ. ಕಾರವಾರದ ಬೈತಖೋಲ ಬಂದರಿನಲ್ಲಿ ಆ ಅನುಕೂಲ ಇಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಒಂದರ ಸ್ಕ್ಯಾನರ್ (ರೇಡಾರಿನ ತಿರುಗುವ ಆಂಟೆನಾ) ಎತ್ತರಕ್ಕೇ ಪಕ್ಕದ ಬೋಟಿನ ಕ್ಯಾಬಿನ್ ಮಾಡು, ಅದರ ಮೇಲೆ ತಾಡಪಾಲು ಕಟ್ಟುವ ಖಲಾಸಿಗಳು. ರೇಡಾರ್ ಚಾಲೂ ಮಾಡಿ ರಿಪೇರಿ ನಡೆಯುವುದೂ ಆಗಲೇ.

ಮೊದಲು ಕಾಗದದ ಮೇಲೆ ಲೆಕ್ಕ. ಟಗ್ಗಿನಲ್ಲಿರುವಂಥ 25 ಕಿಲೋವ್ಯಾಟ್ ಸೆಟ್ ಹಿಡಿಯೋಣ. ಅದು ಪಲ್ಸಿನ, ಅಂದರೆ ರೇಡಾರ್ ಬಿಟ್ಟು ಬಿಟ್ಟು ಕಳಿಸುವ ಚುಟುಕು ಅಲೆಯ, ತುದಿಯ ಶಕ್ತಿ. ಪಲ್ಸ್ 1.2 ಮೈಕ್ರೋಸೆಕೆಂಡ್, ಸೆಕೆಂಡಿಗೆ 600 ಪಲ್ಸ್. ಗುಣಿಸಿದರೆ ಸರಾಸರಿ 18 ವ್ಯಾಟ್. 4 ಕಿಲೋವ್ಯಾಟಿನ ಸಣ್ಣ ಸೆಟ್ಟಿಗೆ 2 ವ್ಯಾಟೂ ದಾಟುವುದಿಲ್ಲ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಆ ವ್ಯಾಟ್ ಇಂತಿಷ್ಟು ದೂರದಲ್ಲಿ ಚದರ ಮೀಟರಿಗೆ ಎಷ್ಟು ಬೀಳುತ್ತದೆ ಎಂಬಲ್ಲಿ. ದೂರದ ವರ್ಗಕ್ಕೆ ಭಾಗಿಸುವ ಸೂತ್ರ 1.8 ಮೀಟರ್ ಆಂಟೆನಾಗೆ 50 ಮೀಟರ್ ಒಳಗೆ ಸುಳ್ಳು ಹೇಳುತ್ತದೆ. ಅಷ್ಟು ಹತ್ತಿರದಲ್ಲಿ ಕಿರಣ ಅಡ್ಡಕ್ಕೆ ಹರಡಿರುವುದೇ ಇಲ್ಲ, ಆಂಟೆನಾದಷ್ಟೇ ಅಗಲದ ಪಟ್ಟಿಯಾಗಿ ಹೋಗುತ್ತದೆ. ಹರಡುವುದು ಮೇಲೆ ಕೆಳಗೆ, ಸುಮಾರು 20 ಡಿಗ್ರಿ. ಹಾಗೆ ಲೆಕ್ಕ ಹಾಕಿದರೆ, 25 ಕಿಲೋವ್ಯಾಟ್ ಸೆಟ್ಟಿನ ತಿರುಗದೆ ನಿಂತ ಆಂಟೆನಾದ ಎದುರು 3 ಮೀಟರಿನಲ್ಲಿ ಚದರ ಮೀಟರಿಗೆ ಸುಮಾರು 10 ವ್ಯಾಟ್. ಐಸಿಎನ್‌ಐಆರ್‌ಪಿ (ವಿಕಿರಣದ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ) ಮಾರ್ಗಸೂಚಿಯಲ್ಲಿ ಸಾರ್ವಜನಿಕರಿಗೆ ಇರುವ ಮಿತಿಯೂ ಅಷ್ಟೇ. ತಿರುಗುತ್ತಿದ್ದರೆ ಅದೇ ಜಾಗದಲ್ಲಿ ಹತ್ತನೇ ಒಂದು. 'ತಿರುಗಿದರೆ ಇನ್ನೂರು ಪಾಲು ಕಮ್ಮಿ' ಅನ್ನುವ ಮಾತು ದೂರಕ್ಕೆ ಸರಿ, ಮಾಡಿನ ಮೇಲೆ ನಿಂತವನಿಗಲ್ಲ.

ಮೀಟರಿನ ವಿಷಯಕ್ಕೆ ಬಂದರೆ, ಮೊಬೈಲ್ ಟವರಿಗೆಂದು ಮಾರುವ ಅಗ್ಗದ ಯಂತ್ರಗಳಲ್ಲಿ ಹಲವು 8 ಗಿಗಾಹರ್ಟ್ಸ್‌ಗೇ ಕುರುಡಾಗುತ್ತವೆ. ಬೋಟಿನ ರೇಡಾರ್ 9.4. ಸೊನ್ನೆ ತೋರಿಸಿದರೆ ಅದು ಸುರಕ್ಷತೆಯಲ್ಲ. ಮೀಟರಿನ ತುದಿಯ ಸಂವೇದಕ, ಅಂದರೆ ಪ್ರೋಬ್, ಡಯೋಡಿನದಾದರೆ ಇಂಥ ಚೂಪು ಪಲ್ಸಿಗೆ ತಪ್ಪು ಓದುತ್ತದೆ. ಬಿಸಿಯಿಂದ ಅಳೆಯುವ ಥರ್ಮೋಕಪಲ್ ಪ್ರೋಬ್ ನಿಜವಾದ ಸರಾಸರಿ ಕೊಡುತ್ತದೆ, ಆದರೆ ತೀರಾ ಹತ್ತಿರ ಒಯ್ದರೆ ಸುಟ್ಟೇ ಹೋಗುತ್ತದೆ. ಆದ್ದರಿಂದ ದೂರದಿಂದ ಶುರುಮಾಡಿ ಒಳಕ್ಕೆ ಬರುತ್ತೇನೆ.

ದೂರ ಅಳೆಯಲು ನೈಲಾನ್ ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು, ಪ್ರೋಬ್ ಒಣ ಬಿದಿರ ಗಳುವಿನ ತುದಿಗೆ. ಕೈಯಲ್ಲೇ ಹಿಡಿದರೆ ಮೈಯಿಂದ ಪ್ರತಿಫಲಿಸಿ ಅಂಕಿ ಕುಣಿಯುತ್ತದೆ. ಪ್ರತಿ ಗಂಟಿನಲ್ಲೂ ಸೊಂಟ, ಎದೆ, ತಲೆಯ ಎತ್ತರ. ರೇಡಾರಿನ ರೇಂಜ್ 24 ಮೈಲಿಗೆ ಇಡಿಸಬೇಕು. ಒಂದೂವರೆ ಮೈಲಿಯಲ್ಲಿ ಬಿಟ್ಟರೆ ಸೆಟ್ ಸಣ್ಣ ಪಲ್ಸಿಗೆ ಇಳಿದು ಕಾಲುಭಾಗವೋ ಅದಕ್ಕೂ ಕಮ್ಮಿಯೋ ತೋರಿಸುತ್ತದೆ. ಕಬ್ಬಿಣದ ಮಾಸ್ಟ್, ಒದ್ದೆ ತಗಡಿನ ಪಕ್ಕ ಮತ್ತೊಮ್ಮೆ ನೋಡಿ. ಪ್ರತಿಫಲನ ಕೂಡಿ ಬಂದ ಬಿಂದುವಿನಲ್ಲಿ ಅಂಕಿ ನಾಲ್ಕು ಪಟ್ಟಿಗೆ ಏರಬಹುದು. ಜೆಟ್ಟಿಯ ಮೇಲಿನ ಅಳತೆ ಇಳಿತದ ಹೊತ್ತಿಗೇ ಆಗಬೇಕು. ಭರತಿಯಲ್ಲಿ ತಲೆಯ ಮೇಲೆ ಹೋಗುತ್ತಿದ್ದ ಕಿರಣ ಆಗ ಮುಖದ ಮಟ್ಟಕ್ಕೆ ಬರುತ್ತದೆ.

ಭಾರತದಲ್ಲಿ 2012ರಿಂದ ಮೊಬೈಲ್ ಟವರಿನ ಮಿತಿ ಐಸಿಎನ್‌ಐಆರ್‌ಪಿಯದರ ಹತ್ತನೇ ಒಂದು. ರೇಡಾರಿಗೆ ಅದು ಅನ್ವಯಿಸದಿದ್ದರೂ ನಾನು ಗೆರೆ ಎಳೆಯುವುದು ಅದೇ ಚದರ ಮೀಟರಿಗೆ 1 ವ್ಯಾಟಿಗೆ.

ವಿಕಿರಣಕ್ಕಿಂತ ಮೊದಲು ಪೆಟ್ಟು ಕೊಡುವುದು ಆಂಟೆನಾವೇ: ನಿಮಿಷಕ್ಕೆ 24 ಸುತ್ತು. ಹತ್ತುವ ಮುನ್ನ ಬ್ರೇಕರ್ ಇಳಿಸಿ, ರೇಡಾರಿನ ಫ್ಯೂಸ್ ಕಳಚಿ; ಅದು ಮೇಲೆ ಹತ್ತುವವನ ಜೇಬಿಗೇ ಹೋಗಬೇಕು. ಬೋಟು ನಡೆಸುವ ತಾಂಡೇಲರ ಕೈಗೂ ಬೇಡ.